ಅಂಡೋತ್ಪತ್ತಿಯ ಅವಧಿಯ ಆಯಾಸ

ಋತುಚಕ್ರದ ಮಧ್ಯಭಾಗದಲ್ಲಿ, ಅಂಡಾಶಯದಿಂದ ಅಂಡಾಣು ಬಿಡುಗಡೆಯಾಗುವ ದಿನಗಳಲ್ಲಿ ಹಾಗೂ ಅದರ ನಂತರ ಕೆಲವು ಮಹಿಳೆಯರಲ್ಲಿ ಕಂಡುಬರುವ ದಣಿವು ಮತ್ತು ನಿಶ್ಶಕ್ತಿಯನ್ನು ಅಂಡೋತ್ಪತ್ತಿಯ ಅವಧಿಯ ಆಯಾಸ ಎನ್ನಬಹುದು. ಇದು ಸ್ವತಂತ್ರವಾದ ರೋಗವಲ್ಲ. ಎಲ್ಲ ಮಹಿಳೆಯರಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಕಾಲ

ಅಂಡೋತ್ಪತ್ತಿಯು ಸಾಮಾನ್ಯವಾಗಿ ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ನಡೆಯುತ್ತದೆ. ಜಪಾನಿನ ಕ್ಯುಸಾಕು ಒಗಿನೊ ಮತ್ತು ಆಸ್ಟ್ರಿಯಾದ ಹರ್ಮನ್ ಕ್ನಾಸ್ ಎಂಬ ವೈದ್ಯರು 1920ರ ದಶಕದಲ್ಲಿ ಈ ಸಂಬಂಧವನ್ನು ಪ್ರತ್ಯೇಕವಾಗಿ ಗುರುತಿಸಿದರು. 28 ದಿನಗಳ ಋತುಚಕ್ರದಲ್ಲಿ ಇದು ಸುಮಾರು 14ನೆಯ ದಿನವಾದರೆ, 32 ದಿನಗಳ ಚಕ್ರದಲ್ಲಿ ಸುಮಾರು 18ನೆಯ ದಿನವಾಗುತ್ತದೆ.

ಕಾರಣಗಳು

ಅಂಡೋತ್ಪತ್ತಿಗೆ ಮುನ್ನ ಏರಿದ ಈಸ್ಟ್ರೋಜನ್ ಮಟ್ಟವು ಆ ಸಮಯದಲ್ಲಿ ಹಠಾತ್ತನೆ ಇಳಿಯುತ್ತದೆ. ಅನಂತರ ಪ್ರೊಜೆಸ್ಟರಾನ್ ಹೆಚ್ಚುತ್ತದೆ. ಪ್ರೊಜೆಸ್ಟರಾನಿನಿಂದ ಉಂಟಾಗುವ ಅಲೋಪ್ರೆಗ್ನನೊಲೋನ್ ಎಂಬ ವಸ್ತುವಿಗೆ ಮಿದುಳನ್ನು ಶಾಂತಗೊಳಿಸಿ ತೂಕಡಿಕೆ ತರುವ ಗುಣವಿದೆ. ಇದೇ ಹಾರ್ಮೋನಿನ ಪ್ರಭಾವದಿಂದ ದೇಹದ ಉಷ್ಣತೆಯು ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಕೆಲವರಿಗೆ ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ನೋವು ಸಹ ಉಂಟಾಗುತ್ತದೆ.

ರಕ್ತಹೀನತೆಯೊಡನೆ ಗೊಂದಲ

ಸುಸ್ತನ್ನು ಋತುಚಕ್ರದ ಸಹಜ ಲಕ್ಷಣವೆಂದು ಕಡೆಗಣಿಸಿದಾಗ ರಕ್ತಹೀನತೆಯು ಪತ್ತೆಯಾಗದೆ ಉಳಿಯುವ ಅಪಾಯವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯಲ್ಲದ ಮಹಿಳೆಯ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎಂದು ಪರಿಗಣಿಸಲಾಗುತ್ತದೆ. ಥೈರಾಯ್ಡ್ ಗ್ರಂಥಿಯ ಕೊರತೆಯಿಂದಲೂ ಇಂತಹುದೇ ನಿಶ್ಶಕ್ತಿ ಬರುತ್ತದೆ.

ಇವುಗಳ ನಡುವಿನ ವ್ಯತ್ಯಾಸವನ್ನು ತಿಳಿಯಲು ಎರಡು–ಮೂರು ತಿಂಗಳು ಮುಟ್ಟಿನ ದಿನಾಂಕವನ್ನೂ ಸುಸ್ತಾದ ದಿನಗಳನ್ನೂ ಬರೆದಿಡುವುದು ಸಹಾಯಕ. ಹಾರ್ಮೋನುಗಳ ಏರಿಳಿತದಿಂದ ಬಂದ ಆಯಾಸವು ಪ್ರತಿ ಚಕ್ರದಲ್ಲಿಯೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಮರುಕಳಿಸಿ ಕಡಿಮೆಯಾಗುತ್ತದೆ. ರಕ್ತಹೀನತೆಯ ಆಯಾಸವು ತಿಂಗಳಿಡೀ ಉಳಿಯುತ್ತದೆ.

ಪರಿಹಾರ ಕ್ರಮಗಳು

ಸಾಕಷ್ಟು ನಿದ್ರೆ, ನೀರು ಮತ್ತು ಲಘು ವ್ಯಾಯಾಮ ಉಪಯುಕ್ತ. ಸೊಪ್ಪು ಹಾಗೂ ಕಾಳುಗಳಲ್ಲಿ ಕಬ್ಬಿಣದ ಅಂಶವಿರುತ್ತದೆ. ಅವುಗಳೊಡನೆ ನಿಂಬೆರಸ ಸೇವಿಸಿದರೆ ಅದರ ಹೀರಿಕೆ ಹೆಚ್ಚುತ್ತದೆ. ಊಟದ ಜೊತೆಗೆ ಕಾಫಿ ಅಥವಾ ಚಹಾ ಕುಡಿದರೆ ಹೀರಿಕೆ ಕುಗ್ಗುತ್ತದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ದಣಿವು ತಿಂಗಳಿಡೀ ಇದ್ದರೆ, ಮುಟ್ಟಿನ ಸ್ರಾವ ಅತಿಯಾಗಿದ್ದರೆ, ಏದುಸಿರು, ತಲೆಸುತ್ತು ಅಥವಾ ಎದೆಬಡಿತ ಹೆಚ್ಚಿದ್ದರೆ ವೈದ್ಯರನ್ನು ಕಾಣಬೇಕು. ಹಿಮೋಗ್ಲೋಬಿನ್ ಪರೀಕ್ಷೆಯು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಲಭ್ಯವಿದೆ. ಮೂರ್ಛೆ ಅಥವಾ ಸಹಿಸಲಾಗದ ಹೊಟ್ಟೆನೋವು ಉಂಟಾದಲ್ಲಿ ತಕ್ಷಣವೇ ಚಿಕಿತ್ಸೆ ಅಗತ್ಯ.