ಮನೆಯಲ್ಲಿ ಹುಟ್ಟಿದ ಪ್ರಿಂಟರ್ ಮನೆಗೆ ಮರಳಿದ ಕಥೆ

ನಮ್ಮ ಐಟಿ ಮಂದಿಯಲ್ಲಿ ಕೆಲವರ ಮನೇಲಿ ಈಗ ತ್ರೀಡಿ ಪ್ರಿಂಟರ್ ಇದೆ. ಪುಣೆಯ ನನ್ನ ಫ್ಲ್ಯಾಟ್‌ನಲ್ಲೂ ಒಂದಿದೆ. ಕಾರ್ಖಾನೆಯ ಯಂತ್ರ ನಮ್ಮ ಮೇಜಿಗೆ ಬಂದದ್ದು ಹೇಗೆ? "ಬೆಲೆ ಇಳೀತು, ಬಂತು" ಅನ್ನೋದು ಅರ್ಧ ಉತ್ತರ ಅಷ್ಟೇ.

1952ರಲ್ಲಿ ಅಮೆರಿಕದ ಎಂಐಟಿಯವರು ತೂತು ಹಾಕಿದ ಪಟ್ಟಿಯನ್ನು ಓದಿಕೊಂಡು ಲೋಹ ಕತ್ತರಿಸುವ ಯಂತ್ರವನ್ನು ತೋರಿಸಿದರು. ಎಷ್ಟು ದೂರ, ಯಾವ ಕಡೆ ಅಂತ ಅಂಕಿಗಳಲ್ಲೇ ಹೇಳುವ ಆ ಪದ್ಧತಿ ಮುಂದೆ ಜಿ-ಕೋಡ್ ಆಯಿತು. ನನ್ನ ಪ್ರಿಂಟರ್ ಇವತ್ತಿಗೂ ಓದೋದು ಅದನ್ನೇ.

1980ರ ದಶಕದ ಕೊನೆಯಲ್ಲಿ ಸ್ಕಾಟ್ ಕ್ರಂಪ್ ಎಂಬ ಎಂಜಿನಿಯರ್, ಮಗಳಿಗೆ ಆಟಿಕೆ ಕಪ್ಪೆ ಮಾಡಲು ಗ್ಲೂ ಗನ್‌ಗೆ ಪ್ಲಾಸ್ಟಿಕ್ ಮತ್ತು ಮೇಣ ತುಂಬಿ, ಪದರದ ಮೇಲೆ ಪದರ ಕೂರಿಸಿದರು. ಅಂದರೆ ಈ ವಿದ್ಯೆ ಹುಟ್ಟಿದ್ದೇ ಮನೆಯಲ್ಲಿ! 1989ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, ಸ್ಟ್ರಾಟಸಿಸ್ ಕಂಪನಿ ಶುರುವಾಯಿತು. ಅಲ್ಲಿಂದ ಸುಮಾರು 20 ವರ್ಷ ಆ ವಿದ್ಯೆ ದೊಡ್ಡ ಕಂಪನಿಗಳ ಲ್ಯಾಬ್‌ನಲ್ಲೇ ಉಳೀತು.

ಬಾಗಿಲು ತೆರೆಯಲು ಹೊರಟವರು ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಏಡ್ರಿಯನ್ ಬೌಯರ್. 2005ರಲ್ಲಿ ಅವರು ರೆಪ್‌ರ್‍ಯಾಪ್ ಯೋಜನೆ ಆರಂಭಿಸಿದರು: ತನ್ನ ಭಾಗಗಳನ್ನು ತಾನೇ ಮುದ್ರಿಸಿಕೊಳ್ಳುವ ಪ್ರಿಂಟರ್. ನಕ್ಷೆ, ಕೋಡ್ ಎಲ್ಲವೂ ಜಿಪಿಎಲ್ ಲೈಸೆನ್ಸ್‌ನಲ್ಲಿ, ಯಾರು ಬೇಕಾದರೂ ಮಾಡಿಕೊಳ್ಳಲಿ ಅಂತ. 2008ರ ಮೇ ತಿಂಗಳಲ್ಲಿ 'ಡಾರ್ವಿನ್' ಎಂಬ ಮೊದಲ ಯಂತ್ರ, ತನ್ನ ಪ್ಲಾಸ್ಟಿಕ್ ಭಾಗಗಳನ್ನು ಮುದ್ರಿಸಿ ಎರಡನೆಯದಕ್ಕೆ ಜನ್ಮ ಕೊಟ್ಟಿತು. 2009ರಲ್ಲಿ ಕ್ರಂಪ್ ಅವರ ಮೂಲ ಪೇಟೆಂಟ್ ಮುಗಿಯಿತು. ಹಂಚಿದ ನಕ್ಷೆ ಸಿದ್ಧವಿತ್ತು, ಬೀಗವೂ ಬಿತ್ತು. ಆಮೇಲೆ ಬೆಲೆ ಇಳಿದದ್ದು ಸಹಜ.

ಇದು ಬರೀ ಹೊರದೇಶದ ಕಥೆಯೂ ಅಲ್ಲ. ನಮ್ಮ ಪುಣೆ ಜಿಲ್ಲೆಯ ಪಾಬಳ್ ಹಳ್ಳಿಯ ವಿಜ್ಞಾನ ಆಶ್ರಮದಲ್ಲಿ 2002ರಲ್ಲೇ ಫ್ಯಾಬ್ ಲ್ಯಾಬ್ ಆರಂಭವಾಯಿತು. ಎಂಐಟಿಯ ಹೊರಗೆ ಶುರುವಾದ ಮೊದಮೊದಲ ಫ್ಯಾಬ್ ಲ್ಯಾಬ್‌ಗಳಲ್ಲಿ ಅದೂ ಒಂದು.

ಆದರೆ ತೆರೆದ ಬಾಗಿಲು ಮತ್ತೆ ಮುಚ್ಚಬಹುದು. ರೆಪ್‌ರ್‍ಯಾಪ್ ನೆರಳಲ್ಲಿ ಬೆಳೆದ ಮೇಕರ್‌ಬಾಟ್ ಕಂಪನಿಯೇ 2012ರಲ್ಲಿ ತನ್ನ ಹೊಸ ಪ್ರಿಂಟರ್‌ನ ನಕ್ಷೆ ಕೊಡೋದನ್ನ ನಿಲ್ಲಿಸಿತು. ಲಿನಕ್ಸ್ ಇಲ್ಲದಿದ್ದರೆ ನಮ್ಮ ಕೆಲಸ ಹೇಗಿರ್ತಿತ್ತು, ಯೋಚಿಸಿ. ಇಲ್ಲೂ ಅದೇ ಲೆಕ್ಕ.

ಹಾಗಾಗಿ ಪ್ರಿಂಟರ್ ಕೊಳ್ಳುವಾಗ ಬೆಲೆಯ ಜೊತೆ ಇವನ್ನೂ ಕೇಳಿ: ಬಿಡಿಭಾಗ ಹೊರಗೆ ಸಿಗುತ್ತಾ? ಕಂಪನಿಯ ಸರ್ವರ್ ಇಲ್ಲದೆ ಓಡುತ್ತಾ? ನೀವು ಮಾಡಿದ ಡಿಸೈನ್ ಇದ್ದರೆ ಮೂಲ ಫೈಲ್ ಸಮೇತ ಹಂಚಿ. ಯಾರೋ ಹಾಗೆ ಹಂಚಿದ್ದಕ್ಕೇ ಈ ಯಂತ್ರ ನಮ್ಮ ಮನೆ ತಲುಪಿದ್ದು.