ಕಣದ ರಾಶಿಯಲ್ಲಿ ಯಾರ್ಯಾರಿಗೆ ಪಾಲಿತ್ತು?

ರಾಗಿ ಕೊಯ್ಲು ಅಂದ್ರೆ ಈಗ ಅರ್ಧ ದಿನದ ಕೆಲಸ. ಮಷಿನ್ ಬಂತು, ಚೀಲ ತುಂಬ್ತು, ಆಯ್ತು. ತಾತಂದಿರ ಕಾಲಕ್ಕೆ ಇದೇ ಕೆಲಸ ಕಾರ್ತಿಕದಲ್ಲಿ ಶುರುವಾದ್ರೆ ಸಂಕ್ರಾಂತಿ ದಾಟಿ ಹೋಗ್ತಿತ್ತು. ಮುಯ್ಯಾಳು ಸೇರಿಸಿ ಕುಡುಗೋಲಲ್ಲಿ ಬುಡಕ್ಕೆ ಕೊಯ್ದು, ಹೊಲದಲ್ಲೇ ಹಾಸಿ ಒಣಗಿಸಿ, ಕಂತೆ ಕಟ್ಟಿ ಮೆದೆ ಒಟ್ಟೋರು. ಮೆದೆಯೊಳಗಿನ ಬಿಸಿಗೆ ತೆನೆ ಹದಕ್ಕೆ ಬಂದು ಕಾಳು ಸಲೀಸಾಗಿ ಬಿಡೋದು. ಆಮೇಲೆ ಕಣ ಮಾಡಿ, ಸಗಣಿ ಬಗ್ಗಡ ಬಳಿದು, ಎತ್ತು ಕಟ್ಟಿ ಗುಂಡು ಹೊಡೆದು, ಗಾಳಿ ನೋಡ್ಕೊಂಡು ತೂರೋದು.

ಇಷ್ಟು ನಿಮಗೆಲ್ಲ ಗೊತ್ತಿರೋದೇ. ನಾನು ಹೇಳ್ಬೇಕು ಅಂತಿರೋದು ತೂರಿದ ಮೇಲಿನ ಕಥೆ.

1799ರಲ್ಲಿ ಟಿಪ್ಪು ಸತ್ತ ಮಾರನೇ ವರ್ಷ ಕಂಪನಿಯವರು ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಮೈಸೂರು ಸೀಮೆ ಸುತ್ತೋಕೆ ಕಳಿಸಿದ್ರು. ಅವನ ಪುಸ್ತಕ 1807ರಲ್ಲಿ ಅಚ್ಚಾಯ್ತು. ಬೆಂಗಳೂರು ಕಡೆ 20 ಖಂಡುಗದ ಒಂದು ರಾಶಿ ಹೇಗೆ ಹಂಚಿಕೆ ಆಗ್ತಿತ್ತು ಅಂತ ಸೇರು ಲೆಕ್ಕದಲ್ಲಿ ಬರೆದಿದ್ದಾನೆ. ದೇವರಿಗೆ, ಬ್ರಾಹ್ಮಣರಿಗೆ, ಕ್ಷೌರದವನಿಗೆ, ಕುಂಬಾರನಿಗೆ, ಕಮ್ಮಾರನಿಗೆ, ಅಗಸನಿಗೆ, ಅಳೆಯೋನಿಗೆ. ಗೌಡ, ಶಾನುಭೋಗರದ್ದು ಬೇರೆ. ಸರ್ಕಾರದ ಪಾಲಂತೂ ಇದ್ದೇ ಇತ್ತು. ಕಮ್ಮಾರ ವರ್ಷಪೂರ್ತಿ ಕುಡುಗೋಲು ತಟ್ಟಿ ಕೊಟ್ರೂ ಕಾಸು ಕೇಳ್ತಿರ್ಲಿಲ್ಲ ಅಂದ್ರೆ ಕಾರಣ ಇದೇ. ಅವನ ಕೂಲಿ ರಾಶಿಯಲ್ಲಿತ್ತು.

ಹಳೇದೆಲ್ಲ ಚಿನ್ನ ಅಂತ ನಾನಂತೂ ಒಪ್ಪಲ್ಲ. ಬೆನ್ನು ಬಗ್ಗಿಸಿ ಕೊಯ್ದೋರಿಗೆ, ಅದ್ರಲ್ಲೂ ಊರಾಚೆ ಇಟ್ಟಿದ್ದ ಜನಕ್ಕೆ, ಸಿಕ್ಕಿದ್ದು ಕೊನೇಗೆ ಉಳಿದದ್ದು. ಆ ಲೆಕ್ಕ ನಮ್ಮ ಹಿರಿಯರು ಜೋರಾಗಿ ಹೇಳಲ್ಲ, ಗಮನಿಸಿ ನೋಡಿ.

ಮನೆ ಪಾಲಿನ ರಾಗಿ ಹಗೇವಿಗೆ ಹೋಗ್ತಿತ್ತು. ಗಟ್ಟಿ ನೆಲದಲ್ಲಿ ತೋಡಿದ ಗುಂಡಿ, ಒಳಗೆ ಸುತ್ತ ಹುಲ್ಲು, ಬಾಯಿಗೆ ಚಪ್ಪಡಿ, ಮೇಲೆ ಮಣ್ಣು. ರಾಗಿಗೆ ಹುಳ ಬೀಳೋದು ಕಮ್ಮಿ, ವರ್ಷಗಟ್ಟಲೆ ಕೆಡದೆ ಇರೋದು. ಒಂದು ವರ್ಷ ಮಳೆ ಕೈಕೊಟ್ರೆ ಹಗೇವು ಕಾಯ್ತಿತ್ತು. ಆದ್ರೆ 1876–78ರ ಬರದಲ್ಲಿ ಮಳೆ ಮೇಲಿಂದ ಮೇಲೆ ಹೋಯ್ತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ದಾಟಿದ್ದ ಜನ 1881ಕ್ಕೆ 42 ಲಕ್ಷದ ಹತ್ತಿರಕ್ಕೆ ಇಳಿದಿದ್ರು. ಬರೀ ಗುಂಡಿ ಇದ್ರೆ ಸಾಲದು, ತುಂಬೋಕೆ ಕಾಳು ಬೇಕಲ್ಲ.

ಈಗ ಮಷಿನ್ ಬೇಡ ಅನ್ನೋಕೆ ಆಗಲ್ಲ, ಆಳೇ ಸಿಗಲ್ಲ. ಆದ್ರೂ ಕೊಯ್ಲು ಟೈಮಲ್ಲಿ ಮಳೆ ಬಂದು ರಾಗಿ ಮಲಗಿದ್ರೆ ಕುಡುಗೋಲೇ ಗತಿ. ಬುಡಕ್ಕೆ ಕೊಯ್ದ ಉದ್ದ ಹುಲ್ಲನ್ನ ದನ ತಿನ್ನೋ ಹಾಗೆ ಮಷಿನ್ ಪುಡಿ ಮಾಡಿದ್ದನ್ನ ತಿನ್ನಲ್ಲ. ದನ ಇರೋರು ಒಂದಷ್ಟು ಗುಂಟೆ ಕೈ ಕೊಯ್ಲಿಗೆ ಬಿಡೋದು ಒಳ್ಳೇದು.

ಇನ್ನೊಂದು ಮಾತು. ಹಳೇ ಹಟ್ಟಿ ಜಾಗದಲ್ಲಿ, ಕಣದ ಪಕ್ಕದಲ್ಲಿ ಮುಚ್ಚಿಹೋದ ಹಗೇವು ಇದ್ರೆ ಟ್ರ್ಯಾಕ್ಟರ್ ಬಿಡೋ ಮುಂಚೆ ಹಿರಿಯರನ್ನ ಕೇಳಿ ಗುರುತು ಹಾಕಿ. ಬಾಯಿ ತೆಗೆದ್ರೂ ತಕ್ಷಣ ಯಾರೂ ಇಳೀಬೇಡಿ, ಒಳಗೆ ಕೆಟ್ಟ ಗಾಳಿ ಇರುತ್ತೆ, ಉಸಿರುಕಟ್ಟಿ ಜೀವ ಹೋಗುತ್ತೆ.