ನೀಲಿ ರಿಬ್ಬನ್ನು ಮತ್ತು ಕೌದಿ: ಕುದುರೆ ಗೆದ್ದ ಬಹುಮಾನವನ್ನು ಏನು ಮಾಡೋದು?

ಪುಣೆಯಿಂದ ಒಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಮಗಳು ಕೆಲವು ವರ್ಷದಿಂದ ಕುದುರೆ ಸವಾರಿ ಕಲೀತಿದ್ದಾಳೆ, ನಲವತ್ತಕ್ಕೂ ಹೆಚ್ಚು ರಿಬ್ಬನ್ ಗೆದ್ದಿದ್ದಾಳೆ. ಇರೋದು ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ, ಎರಡು ವರ್ಷಕ್ಕೊಮ್ಮೆ ಶಿಫ್ಟಿಂಗ್ ಬೇರೆ. ಇವನ್ನೆಲ್ಲ ಡಬ್ಬದಲ್ಲಿ ತುಂಬಿಡೋದಾ, ತೂಗು ಹಾಕೋದಾ, ಇಲ್ಲ ಕತ್ತರಿಸಿ ಬೇರೇನಾದರೂ ಹೊಲಿದರೆ ತಪ್ಪಾಗುತ್ತಾ ಅಂತ ಅವರ ಪ್ರಶ್ನೆ. ಇದು ಕರಕುಶಲದವರು ಉತ್ತರಿಸಬೇಕಾದ ಪ್ರಶ್ನೆ ಅನ್ನಿಸಬಹುದು. ಆದರೆ ಇದಕ್ಕೆ ಒಳ್ಳೆಯ ಉತ್ತರ ಇತಿಹಾಸದಲ್ಲೇ ಇದೆ, ಹಾಗಾಗಿ ಇವತ್ತು ಅದನ್ನೇ ತಗೊಂಡಿದ್ದೀನಿ.

ಹಾರ್ಸ್ ಶೋ ನೋಡದವರಿಗೆ ಒಂದು ಮಾತು. ಇದು ರೇಸ್ ಅಲ್ಲ, ಬೆಟ್ಟಿಂಗ್ ಇಲ್ಲ. ಕುದುರೆ ಅಡ್ಡಗಂಬ ಹಾರೋದು, ಹೇಳಿದ ಹಾಗೆ ಹೆಜ್ಜೆ ಹಾಕೋದು, ಅದರ ಮೈಕಟ್ಟು, ಸವಾರನ ಕೂರುವ ರೀತಿ, ಇವಕ್ಕೆಲ್ಲ ಅಂಕ. ಮುಂಬೈನವರು ಮಹಾಲಕ್ಷ್ಮಿ ರೇಸ್‌ಕೋರ್ಸಿನ ಅಮೆಚ್ಯೂರ್ ರೈಡರ್ಸ್ ಕ್ಲಬ್ಬಿನಲ್ಲಿ ನೋಡಿರಬಹುದು. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದಿದ್ದು ಇದೇ ಕುದುರೆ ಸವಾರಿ ಕ್ರೀಡೆಯಲ್ಲಿ. ಹಾರ್ಸ್ ಶೋನಲ್ಲಿ ಗೆದ್ದವರಿಗೆ ನೆರಿಗೆ ಹಿಡಿದ ಒಂದು ರಿಬ್ಬನ್ ಹೂವು ಕೊಡ್ತಾರೆ. ಅದಕ್ಕೆ ರೋಸೆಟ್ ಅಂತ ಹೆಸರು, ಅಂದರೆ ಪುಟ್ಟ ಗುಲಾಬಿ. ಅದನ್ನು ಸಿಕ್ಕಿಸೋದು ಸವಾರನ ಎದೆಗಲ್ಲ, ಕುದುರೆಯ ತಲೆಪಟ್ಟಿಗೆ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ರಿಬ್ಬನ್ನಿಗೆ ಈ ಮರ್ಯಾದೆ ಬಂದಿದ್ದು ಅರಮನೆಯಿಂದ. ಇಂಗ್ಲೆಂಡಿನ ಮೂರನೇ ಎಡ್ವರ್ಡ್ 1348ರಲ್ಲಿ ಸ್ಥಾಪಿಸಿದ ಗಾರ್ಟರ್ ಪದವಿಯ ಗುರುತು ನೀಲಿ ಪಟ್ಟಿ. ಫ್ರಾನ್ಸಿನಲ್ಲಿ ಮೂರನೇ ಹೆನ್ರಿ 1578ರಲ್ಲಿ ಇಂಥದ್ದೇ ಒಂದು ಪದವಿ ಶುರು ಮಾಡಿದ, ಅದರ ಪದಕ ತೂಗುತ್ತಿದ್ದದ್ದೂ ನೀಲಿ ರಿಬ್ಬನ್ನಿನಲ್ಲೇ. ಅಡುಗೆ ಶಾಲೆಗಳ ‘ಕಾರ್ಡನ್ ಬ್ಲೂ’ ಅನ್ನೋ ಹೆಸರು ಕೇಳಿರ್ತೀರಿ ಅಲ್ವಾ? ಅದರ ಅರ್ಥ ನೀಲಿ ಪಟ್ಟಿ ಅಂತಲೇ. ಹೀಗೆ ನೀಲಿ ಅಂದರೆ ಎಲ್ಲಕ್ಕಿಂತ ಮೇಲಿನದು ಅನ್ನೋ ಅರ್ಥ ಜನರ ಬಾಯಿಗೆ ಬಂತು.

ಕುದುರೆಗೂ ಈ ನೀಲಿಗೂ ನಂಟು ಹೇಳೋ ಒಂದು ಘಟನೆ ಇದೆ. ಲಾರ್ಡ್ ಜಾರ್ಜ್ ಬೆಂಟಿಂಕ್ ಅಂತ ಒಬ್ಬ ರಾಜಕಾರಣಿ. ಬೆಂಟಿಂಕ್ ಅಂದ ತಕ್ಷಣ ನಿಮಗೆ ನೆನಪಾಗೋದು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತ ಕಿತ್ತುಕೊಂಡ ಗವರ್ನರ್ ಜನರಲ್. ಅವನು ಇವನ ಚಿಕ್ಕಪ್ಪ. ಜಾರ್ಜನಿಗೆ ಕುದುರೆ ಹುಚ್ಚು, ಡರ್ಬಿ ಗೆಲ್ಲಬೇಕು ಅನ್ನೋದು ಜೀವನದ ಆಸೆ. ಆದರೆ 1846ರಲ್ಲಿ ಪಾರ್ಲಿಮೆಂಟಿನ ಜಗಳಕ್ಕೆ ಪೂರ್ತಿ ಇಳಿಯಬೇಕು ಅಂತ ತನ್ನ ಕುದುರೆಗಳನ್ನೆಲ್ಲ 10,000 ಪೌಂಡಿಗೆ ಒಟ್ಟಾಗಿ ಮಾರಿಬಿಟ್ಟ. ಅದರಲ್ಲಿ ಸರ್‌ಪ್ಲಿಸ್ ಅನ್ನೋ ಎಳೆಯ ಕುದುರೆಯೂ ಇತ್ತು. 1848ರಲ್ಲಿ ಡರ್ಬಿ ಗೆದ್ದಿದ್ದು ಅದೇ! ಮರುದಿನ ಪಾರ್ಲಿಮೆಂಟಿನ ಲೈಬ್ರರಿಯಲ್ಲಿ ಅವನು ಸಂಕಟಪಡುತ್ತಿದ್ದಾಗ ಗೆಳೆಯ ಡಿಸ್ರೇಲಿ ಸಿಕ್ಕಿದ. ಡಿಸ್ರೇಲಿ 1852ರಲ್ಲಿ ಬರೆದ ಬೆಂಟಿಂಕನ ಜೀವನಚರಿತ್ರೆಯಲ್ಲಿ ಈ ಭೇಟಿ ಬರುತ್ತೆ, ಡರ್ಬಿಯನ್ನು ಕುದುರೆ ಪಂದ್ಯಗಳ ನೀಲಿ ರಿಬ್ಬನ್ ಅಂತ ಅಲ್ಲೇ ಕರೆದಿದ್ದಾನೆ. ಬೆಂಟಿಂಕ್ ಅದೇ ವರ್ಷ ಸೆಪ್ಟೆಂಬರಿನಲ್ಲಿ 46ನೇ ವಯಸ್ಸಿಗೆ ತೀರಿಕೊಂಡ. ಸಾಕಿದವನು ಒಬ್ಬ, ಗೆಲುವು ಬರೆದದ್ದು ಇನ್ನೊಬ್ಬರ ಹೆಸರಿಗೆ.

ಇನ್ನು ಹೂವಿನ ಆಕಾರ. ಅದು ಬಂದಿದ್ದು ಟೋಪಿಯಿಂದ. ಹದಿನೆಂಟನೇ ಶತಮಾನದಲ್ಲಿ ಯುರೋಪಿನ ಸೈನಿಕರು ಯಾವ ಕಡೆಯವರು ಅಂತ ತೋರಿಸೋಕೆ ಟೋಪಿಗೆ ಬಣ್ಣದ ರಿಬ್ಬನ್ ಸುತ್ತಿ ಸಿಕ್ಕಿಸ್ತಿದ್ದರು. ಫ್ರೆಂಚ್ ಕ್ರಾಂತಿಯಲ್ಲಂತೂ ಮೂರು ಬಣ್ಣದ ರಿಬ್ಬನ್ ಹಾಕೋದು ಗಂಡಸರಿಗೆ 1792ರಲ್ಲಿ, ಹೆಂಗಸರಿಗೆ 1793ರಲ್ಲಿ ಕಾನೂನೇ ಆಯಿತು. ಒಂದು ಗಜ ಬಟ್ಟೆ ಇಲ್ಲದ ವಸ್ತು, ಹಾಕದಿದ್ದರೆ ಜೀವಕ್ಕೇ ಸಂಚಕಾರ. ಆಮೇಲೆ ಅದೇ ಆಕಾರ ಚುನಾವಣೆಗೆ, ದನದ ಪ್ರದರ್ಶನಕ್ಕೆ, ಕುದುರೆ ಪ್ರದರ್ಶನಕ್ಕೆ ಇಳಿದು ಬಂತು. ಅಮೆರಿಕದ ವರ್ಜೀನಿಯಾದ ಅಪ್ಪರ್‌ವಿಲ್‌ನಲ್ಲಿ 1853ರಲ್ಲಿ, ಡಬ್ಲಿನ್ನಿನಲ್ಲಿ 1860ರ ದಶಕದಲ್ಲಿ ಶುರುವಾದ ಹಾರ್ಸ್ ಶೋಗಳು ಈಗಲೂ ನಡೀತಿವೆ. ಬಣ್ಣದ ವಿಷಯದಲ್ಲಿ ಮಾತ್ರ ದೇಶಗಳಿಗೆ ಒಮ್ಮತ ಇಲ್ಲ. ಅಮೆರಿಕದಲ್ಲಿ ನೀಲಿ ಮೊದಲನೆಯದು, ಕೆಂಪು ಎರಡನೆಯದು. ಬ್ರಿಟನ್, ಕೆನಡಾಗಳಲ್ಲಿ ಇದು ಉಲ್ಟಾ. ಗಾರ್ಟರಿನ ನೀಲಿಯನ್ನು ಹುಟ್ಟಿಸಿದ ದೇಶವೇ ಕುದುರೆಗೆ ನೀಲಿ ಕೊಟ್ಟರೆ ಎರಡನೇ ಸ್ಥಾನ ಅನ್ನುತ್ತೆ ನೋಡಿ!

ಆಗ ಈ ರಿಬ್ಬನ್ನುಗಳು ರೇಷ್ಮೆಯವು. ಇಂಗ್ಲೆಂಡಿನಲ್ಲಿ ರಿಬ್ಬನ್ ನೇಯ್ಗೆಯ ಊರು ಕಾವೆಂಟ್ರಿ. ಅಲ್ಲಿನ ಎಷ್ಟೋ ಮಗ್ಗಗಳು ಜಕಾರ್ಡ್ ಮಗ್ಗಗಳು, ತೂತು ಹೊಡೆದ ಕಾರ್ಡುಗಳು ಹೇಳಿದ ಹಾಗೆ ನೇಯುವಂಥವು. ನಿಮ್ಮಲ್ಲಿ ಸಾಫ್ಟ್‌ವೇರಿನವರೇ ಜಾಸ್ತಿ ಇರೋದರಿಂದ ಪಂಚ್ ಕಾರ್ಡಿನ ಕಥೆ ವಿವರಿಸಬೇಕಾಗಿಲ್ಲ. 1860ರಲ್ಲಿ ಬ್ರಿಟನ್ ಫ್ರಾನ್ಸಿನ ಜೊತೆ ಒಪ್ಪಂದ ಮಾಡಿಕೊಂಡು ಫ್ರೆಂಚ್ ರೇಷ್ಮೆಯ ಮೇಲಿನ ಸುಂಕ ತೆಗೆದುಹಾಕಿತು. ಕಾವೆಂಟ್ರಿಯ ಮಗ್ಗಗಳು ನಿಂತವು, ಸಾವಿರಾರು ಜನ ಊರು ಬಿಟ್ಟರು. ಒಂದೇ ಕಸುಬು ನಂಬಿದ ಊರಿಗೆ ದೂರದಲ್ಲೆಲ್ಲೋ ಆದ ಒಂದು ಸಹಿ ಏನು ಮಾಡಬಹುದು ಅನ್ನೋದು ನಮಗೂ ಗೊತ್ತಿಲ್ಲದ್ದಲ್ಲ.

ಅಲ್ಲೇ ಉಳಿದ ಥಾಮಸ್ ಸ್ಟೀವನ್ಸ್ ಅನ್ನೋ ನೇಯ್ಗೆಯವನು ಮಾತ್ರ ಬೇರೆ ದಾರಿ ಹಿಡಿದ. ರಿಬ್ಬನ್ ಕಟ್ಟೋಕೇ ಯಾಕೆ ಬೇಕು, ನೋಡೋಕೂ ಇರಬಹುದಲ್ಲ ಅಂತ 1862ರ ಹೊತ್ತಿಗೆ ರೇಷ್ಮೆಯ ಬುಕ್‌ಮಾರ್ಕುಗಳನ್ನು ನೇಯ್ದ. 1879ರ ಯಾರ್ಕ್ ಪ್ರದರ್ಶನದಲ್ಲಿ ಪುಟ್ಟ ಪುಟ್ಟ ರೇಷ್ಮೆ ಚಿತ್ರಗಳನ್ನು ಮಾರಾಟಕ್ಕಿಟ್ಟ. ಕುದುರೆ ಗಾಡಿ, ಬೇಟೆ, ರೇಸಿನ ಆರಂಭ, ರೇಸಿನ ಕೊನೆ, ಹೀಗೆ ಕುದುರೆಗಳದ್ದೇ ಎಷ್ಟೋ ಚಿತ್ರ. ಎಲ್ಲವನ್ನೂ ರಟ್ಟಿಗೆ ಅಂಟಿಸಿ ಫ್ರೇಮ್ ಹಾಕೋಕೆ ಸಿದ್ಧ ಮಾಡಿಯೇ ಕೊಡ್ತಿದ್ದ. 1940ರ ಬಾಂಬ್ ದಾಳಿಯಲ್ಲಿ ಆ ಕಾರ್ಖಾನೆ ಹಾಳಾಯಿತು, ಚಿತ್ರಗಳು ಮನೆಮನೆಗಳ ಗಾಜಿನ ಹಿಂದೆ ಉಳಿದವು. ಈಗ ಕಾವೆಂಟ್ರಿಯ ಹರ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಅವುಗಳ ಸಂಗ್ರಹ ಇದೆ.

ಈಗ ಕತ್ತರಿಯ ವಿಷಯಕ್ಕೆ ಬರೋಣ. 1880ರ ದಶಕದ ಅಮೆರಿಕದಲ್ಲಿ ‘ಕ್ರೇಜಿ ಕ್ವಿಲ್ಟ್’ ಅನ್ನೋ ಗೀಳು ಹಬ್ಬಿತ್ತು. ನಮ್ಮ ಕಡೆಯ ಮಾತಲ್ಲಿ ಹೇಳಿದರೆ ಕೌದಿ, ಆದರೆ ರೇಷ್ಮೆ ಮಖಮಲ್ಲಿನದು, ತುಂಡುಗಳಿಗೆ ಒಂದೇ ಅಳತೆ ಇಲ್ಲ. ಮದುವೆ ಸೀರೆಯ ಅಂಚು ಬಿಸಾಡದೆ ಇಟ್ಟುಕೊಳ್ಳೋ ಹಾಗೆ ಅವರು ಸಭೆ ಸಮಾರಂಭದ ಬ್ಯಾಡ್ಜು, ಜಾತ್ರೆಯ ಬಹುಮಾನದ ರಿಬ್ಬನ್ ಎಲ್ಲವನ್ನೂ ಅದರಲ್ಲಿ ಸೇರಿಸಿದರು. ಗಂಡಸರು ಸೇದಿದ ಚುಟ್ಟಾದ ಕಟ್ಟಿಗೆ ಸುತ್ತಿರುತ್ತಿದ್ದ ಹಳದಿ ರೇಷ್ಮೆ ಪಟ್ಟಿಗಳನ್ನು ಕೂಡಿಟ್ಟು ದಿಂಬು, ಹೊದಿಕೆ ಮಾಡಿದವರೂ ಇದ್ದಾರೆ. ಅಂಥವು ಇವತ್ತು ಮ್ಯೂಸಿಯಮ್ಮುಗಳಲ್ಲಿವೆ. ನನಗೆ ಇದರಲ್ಲಿ ಮುಖ್ಯ ಅನ್ನಿಸೋದು ಹೊಲಿಗೆಗಿಂತ ಕಸೂತಿ. ತುಂಡುಗಳ ಮೇಲೆ ಆ ಹೆಂಗಸರು ಹೆಸರು, ತಾರೀಕು ಹೆಣೆದರು. ಬೆಳ್ಳಿ ಕಪ್ಪಿನ ಮೇಲೆ ಗೆದ್ದವರ ಹೆಸರು ಕೆತ್ತುತ್ತಾರೆ. ರಿಬ್ಬನ್ನಿನ ಮೇಲೆ ಸಾಮಾನ್ಯವಾಗಿ ಇರೋದು ಸ್ಪರ್ಧೆಯ ಹೆಸರು, ಸ್ಥಾನ, ಅಷ್ಟೇ. ಕುದುರೆಯ ಹೆಸರೂ ಇಲ್ಲ, ಸವಾರನ ಹೆಸರೂ ಇಲ್ಲ. ಆ ಕುದುರೆಯನ್ನು ಮಾರಿದ ಮೇಲೆ, ಇಲ್ಲವೇ ಅದು ಸತ್ತ ಮೇಲೆ, ಅದರ ತಲೆಪಟ್ಟಿಗೆ ಸಿಕ್ಕಿಸಿದ್ದು ಇದೇ ಅಂತ ಹೇಳೋಕೆ ಯಾವ ಗುರುತೂ ಉಳಿಯಲ್ಲ.

ಡಬ್ಬದಲ್ಲಿಟ್ಟರೆ ಉಳಿಯುತ್ತೆ ಅಂತ ನಂಬಬೇಡಿ. ಹಳೇ ರೇಷ್ಮೆಯದ್ದು ಒಂದು ಕಥೆ. ರೇಷ್ಮೆಯ ಅಂಟು ತೊಳೆದಾಗ ತೂಕದ ಸುಮಾರು ಕಾಲು ಭಾಗ ಹೋಗುತ್ತೆ, ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಇದು ಗೊತ್ತು. ಆ ನಷ್ಟ ತುಂಬಿಕೊಳ್ಳೋಕೆ ಹತ್ತೊಂಬತ್ತನೇ ಶತಮಾನದ ವ್ಯಾಪಾರಿಗಳು ತವರ, ಕಬ್ಬಿಣದ ಲವಣಗಳಲ್ಲಿ ರೇಷ್ಮೆಯನ್ನು ನೆನೆಸುತ್ತಿದ್ದರು. ಆ ಬಟ್ಟೆ ಮುಟ್ಟದೆ ಇಟ್ಟರೂ ತಾನಾಗಿಯೇ ಸೀಳುತ್ತೆ. ನಿಮ್ಮ ಮಕ್ಕಳ ರಿಬ್ಬನ್ನು ರೇಷ್ಮೆ ಅಲ್ಲ, ಪಾಲಿಯೆಸ್ಟರ್ ಅಥವಾ ಅಸಿಟೇಟ್. ಸೀಳದಿದ್ದರೂ ಬಿಸಿಲಿಗೆ ಬಣ್ಣ ಬಿಡುತ್ತೆ. ಮುಂಬೈ, ಚೆನ್ನೈನ ತೇವಕ್ಕೆ ಹಿಂದಿನ ರಟ್ಟು ಬೂಷ್ಟು ಹಿಡಿಯುತ್ತೆ, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿದು ಕಲೆ ಬಿಡುತ್ತೆ.

ಹಾಗಾಗಿ ಕತ್ತರಿಸಿ, ತಪ್ಪೇನಿಲ್ಲ, ಆದರೆ ಮೊದಲು ಬರೀರಿ. ಕುದುರೆಯ ಹೆಸರು, ಸವಾರಿ ಮಾಡಿದವರ ಹೆಸರು, ಊರು, ತಾರೀಕು, ಯಾವ ಸ್ಪರ್ಧೆ, ಎಲ್ಲ ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್ಲಿನಲ್ಲಿ. ಎರಡೂ ಬದಿಯ ಫೋಟೋ ತೆಗೀರಿ. ಮೊದಲ ಶೋನದ್ದು, ಅಚ್ಚುಮೆಚ್ಚಿನ ಕುದುರೆಯದ್ದು, ಹೀಗೆ ನಾಲ್ಕೈದನ್ನು ಹಾಗೇ ಇಟ್ಟು ಗಾಜಿನ ಹಿಂದೆ, ಬಿಸಿಲು ಬೀಳದ ಗೋಡೆಯಲ್ಲಿ ಹಾಕಿ. ಎಲ್ಲವನ್ನೂ ತೋರಿಸಲೇಬೇಕು ಅನ್ನೋ ಮನೆಗೆ ಪರದೆ ಕೋಲೇ ಸಾಕು, ಮೊಳೆ ಬೇಡ, ಶಿಫ್ಟಿಂಗ್ ದಿನ ಕೋಲಿನ ಸಮೇತ ಸುತ್ತಿಕೊಂಡು ಹೊರಡಬಹುದು. ಉಳಿದವುಗಳ ಇಳಿಬಿದ್ದ ಬಾಲಗಳನ್ನು ಬಿಚ್ಚಿ ಹತ್ತಿ ಬಟ್ಟೆಯ ಮೇಲೆ ಸಾಲಾಗಿ ಹೊಲಿದರೆ ದಿಂಬಿನ ಕವರೋ ಗೋಡೆಗೆ ಹಾಕೋ ಕೌದಿಯೋ ಆಗುತ್ತೆ. ಇಸ್ತ್ರಿ ಪೆಟ್ಟಿಗೆ ನೇರವಾಗಿ ಇಡಬೇಡಿ, ಚಿನ್ನದ ಬಣ್ಣದ ಅಕ್ಷರ ಕಿತ್ತು ಬರುತ್ತೆ. ಅಂಟು ತೆಗೆಯೋಕೆ ನೇಲ್ ಪಾಲಿಶ್ ರಿಮೂವರ್ ಬೇಡವೇ ಬೇಡ, ಅದರಲ್ಲಿ ಅಸಿಟೋನ್ ಇದ್ದರೆ ಅಸಿಟೇಟ್ ಬಟ್ಟೆ ಕರಗಿಹೋಗುತ್ತೆ. ಹೆಸರು ಅಚ್ಚಾಗದ ಸಾದಾ ರೋಸೆಟ್ಟುಗಳಿದ್ದರೆ ಕಲಿಸೋ ಶಾಲೆಗೇ ಕೇಳಿ ನೋಡಿ, ನಡುವಿನ ಬಿಲ್ಲೆಗೆ ಹೊಸ ಸ್ಟಿಕ್ಕರ್ ಹಚ್ಚಿದರೆ ಚಿಕ್ಕ ಮಕ್ಕಳ ಅಭ್ಯಾಸ ಸ್ಪರ್ಧೆಗೆ ಆಗುತ್ತೆ.

ಬಾಲ ತೆಗೆದ ಮೇಲೆ ಉಳಿಯೋ ನೆರಿಗೆಯ ಹೂವನ್ನು ಏನು ಮಾಡೋದು ಅಂದರೆ, ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯೋ ಕೌದಿ ನೋಡಿ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಒಂದೊಂದು ಹೂವು ಇಡ್ತಾರೆ. ನಾಲ್ಕು ರೋಸೆಟ್ಟಿಗೆ ಅಲ್ಲಿ ಜಾಗ ಸಿಕ್ಕಿತು.